ಇಂಜಿನ್ ನಿಲ್ಲಿಸಿ ನೋಡಿದ ಕಾರವಾರ

ಕಾರವಾರಕ್ಕೆ ಹೋದವರು ಟಾಗೋರ್ ಬೀಚಿನಲ್ಲಿ ಒಂದಿಷ್ಟು ಓಡಾಡುತ್ತಾರೆ, ಅಲ್ಲೇ ದಡದ ಮೇಲೆ ನಿಲ್ಲಿಸಿರುವ ಚಪಲ್ ಯುದ್ಧನೌಕೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ, ಮೀನೂಟ ಮಾಡಿ ಗೋವಾ ಕಡೆ ಹೊರಡುತ್ತಾರೆ. ನಾವೂ ಹಾಗೇ ಮಾಡುತ್ತಾ ಬಂದವರು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಬರುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಆಮೇಲೆ ಬೋಟು ಗೀಟು ಅಂತ ಯಾರು ಹತ್ತುತ್ತಾರೆ? ಈ ಸಲ ಮಾತ್ರ ರಾತ್ರಿಯೇ ಬಂದು ಉಳಿದೆವು. ಬೆಳಿಗ್ಗೆ ಬೇಗ ಎದ್ದು, ಊರನ್ನು ಕಡಲಿನ ಕಡೆಯಿಂದ ನೋಡುವುದೆಂದು ಮೊದಲೇ ತೀರ್ಮಾನವಾಗಿತ್ತು.

ಹತ್ತಾರು ಜನರ ಜೊತೆ ಸೀಟು ಹಂಚಿಕೊಂಡು ಹೋಗುವ ಬೋಟುಗಳೂ ಸಿಗುತ್ತವೆ. ಅಗ್ಗ. ಆದರೆ ಅದರಲ್ಲಿ ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಒಂದು ಸುತ್ತು, ಎರಡು ಕೂಗು, ವಾಪಸ್. ಇಡೀ ಬೋಟನ್ನೇ ಗೊತ್ತು ಮಾಡಿಕೊಂಡರೆ ದುಡ್ಡು ಜಾಸ್ತಿ, ನಿಜ. ಅದಕ್ಕೆ ಸಿಗುವುದು ದೊಡ್ಡ ಸೀಟೂ ಅಲ್ಲ, ನೆರಳೂ ಅಲ್ಲ. "ಅಣ್ಣಾ, ಇಲ್ಲಿ ಸ್ವಲ್ಪ ಇಂಜಿನ್ ನಿಲ್ಲಿಸಿ" ಎಂದು ಹೇಳುವ ಅವಕಾಶ. ನನ್ನ ಮಟ್ಟಿಗೆ ಅಷ್ಟಕ್ಕೇ ಆ ದುಡ್ಡು ಕೊಡಬಹುದು.

ಕೋಡಿಬಾಗದ ಹತ್ತಿರ, ಕಾಳಿ ನದಿಯ ದಡದಲ್ಲಿ ಬೋಟು ಕಾಯುತ್ತಿತ್ತು. ನಡೆಸುವವರು ಐವತ್ತರ ಆಸುಪಾಸಿನ ಖಾರ್ವಿ ಸಮುದಾಯದವರು. ಮೀನುಗಾರಿಕೆಯಲ್ಲೇ ಬೆಳೆದು ಈಗ ಸೀಸನ್ನಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯುತ್ತಾರೆ. ಜೊತೆಗೆ ಅಳಿಯ. ಇಬ್ಬರ ನಡುವೆ ಕೊಂಕಣಿ, ನಮ್ಮ ಜೊತೆ ಕನ್ನಡ. ನಾವು ನಾಲ್ವರು: ನಾನು, ಮನೆಯವಳು, ಮಗಳು ಮತ್ತು ದೊಡ್ಡಮ್ಮ. ಧಾರವಾಡದ ದೊಡ್ಡಮ್ಮ ಅಷ್ಟು ನೀರನ್ನು ಹತ್ತಿರದಿಂದ ನೋಡಿದವರೇ ಅಲ್ಲ. ಲೈಫ್ ಜಾಕೆಟ್ಟನ್ನು ಸೀರೆಯ ಮೇಲೆ ಬಿಗಿದುಕೊಂಡು ಕೇಳಿದರು: "ತಮ್ಮಾ, ನಿನಗ ಈಜಾಕ ಬರ್ತದಿಲ್ಲೋ?"

"ಬರ್ತದೆ ಅಮ್ಮಾ. ನಿಮಗೆ ಬರುವ ಅಗತ್ಯ ಇಲ್ಲ, ಜಾಕೆಟ್ ತೆಗೀಬೇಡಿ ಅಷ್ಟೆ" ಎಂದರು ಅವರು.

ಹೊರಟಾಗ ಬೆನ್ನಿಗೆ ಕಾಳಿ ಸೇತುವೆ. ಇಲ್ಲಿ ಮೊದಲು ಅಕ್ಕಪಕ್ಕದಲ್ಲಿ ಎರಡು ಸೇತುವೆಗಳಿದ್ದವು. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಹಳೆಯದು ಕುಸಿದು, ಅದರ ಮೇಲಿದ್ದ ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕಿ ಉಳಿದದ್ದು ದೊಡ್ಡ ಅದೃಷ್ಟ. ಆ ಮಾತು ಬಂದಾಗ ಬೋಟಿನವರು ತಿರುಗಿಯೂ ನೋಡಲಿಲ್ಲ. ಎಷ್ಟು ಜನರಿಗೆ ಹೇಳಿ ಸಾಕಾಗಿದೆಯೋ.

ಬಲಕ್ಕೆ ಸದಾಶಿವಗಡದ ಗುಡ್ಡ. ಸೋದೆಯ ಅರಸರು ಕಟ್ಟಿದ ಕೋಟೆ ಅದರ ಮೇಲಿತ್ತು. ಹೆದ್ದಾರಿಯಿಂದ ನೋಡಿದರೆ ಇದು ರಸ್ತೆಗೆ ಅಡ್ಡ ಬಂದ ಒಂದು ಗುಡ್ಡ, ಅಷ್ಟೆ. ನೀರಿನಿಂದ ನೋಡಿದಾಗ ಕೋಟೆ ಅಲ್ಲೇ ಯಾಕೆ ಬಂತು ಎಂದು ಯಾರೂ ವಿವರಿಸಬೇಕಾಗಿಲ್ಲ. ನದಿಗೆ ಒಳಬರುವ ಪ್ರತಿ ದೋಣಿಯೂ ಅದರ ಕಾಲಡಿಯಲ್ಲೇ ಹಾದುಹೋಗಬೇಕು. ಇಂಗ್ಲಿಷರು 1638ರಲ್ಲೇ ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದಿದ್ದರು. ಘಟ್ಟದ ಮೆಣಸು ಮತ್ತು ತೆಳುವಾದ ಮಸ್ಲಿನ್ ಬಟ್ಟೆಗಾಗಿ. ಆಗಿನ ಕಾರವಾರ ಈಗಿನ ಜಾಗದಲ್ಲಿರಲಿಲ್ಲ, ನದಿಯ ಒಳಭಾಗದಲ್ಲಿ ಕಡವಾಡದ ಕಡೆಗಿತ್ತು. ನಾವು ಇಂದು ಕಾಣುವ ಊರು ಬೆಳೆದದ್ದು 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿದ ಮೇಲೆ.

ಇದೇ ನದಿಯಲ್ಲಿ ರವೀಂದ್ರನಾಥ ಟಾಗೋರರೂ ದೋಣಿಯಲ್ಲಿ ಹೋಗಿದ್ದರು. 1883ರಲ್ಲಿ, ಅವರಿಗೆ 22 ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬೆಳದಿಂಗಳ ರಾತ್ರಿ ಕೋಟೆಯ ಗುಡ್ಡದ ತನಕ ಹೋಗಿ, ವಾಪಸ್ ಬರುವಾಗ ದೋಣಿಯನ್ನು ನೀರಿನ ಸೆಳೆತಕ್ಕೆ ಬಿಟ್ಟು, ಕೊನೆಗೆ ನದಿ ಕಡಲು ಸೇರುವಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ಆಮೇಲೆ ಬರೆದಿದ್ದಾರೆ. ಬೀಚಿಗೆ ಅವರ ಹೆಸರಿಟ್ಟಿದ್ದೇನೋ ಸರಿ. ಆದರೆ ಅವರ ದಾರಿ ಹಿಡಿಯಬೇಕು ಎನ್ನುವವರು ಬೀಚು ಬಿಟ್ಟು ನದಿಗೆ ಬರಬೇಕು, ಅಲ್ವಾ?

ಅಳಿವೆ ಹತ್ತಿರವಾದಂತೆ ಬೋಟಿನವರು ಮಾತು ನಿಲ್ಲಿಸಿದರು. "ದಾಟೋ ತನಕ ಯಾರೂ ಏಳ್ಬೇಡಿ" ಎಂದರು. ನದಿಯ ನೀರು ಹೊರಗೆ ತಳ್ಳುತ್ತದೆ, ಕಡಲು ಒಳಗೆ ನೂಕುತ್ತದೆ, ಅಡಿಯಲ್ಲಿ ಮರಳಿನ ದಿಬ್ಬಗಳು. ಆ ದಿಬ್ಬಗಳು ಒಂದೇ ಕಡೆ ಇರುವುದಿಲ್ಲ. ಮಳೆಗಾಲ ಮುಗಿದಾಗ ಒಂದು ಕಡೆ, ಬೇಸಿಗೆಗೆ ಇನ್ನೊಂದು ಕಡೆ. ಉಬ್ಬರ ನೋಡಿಯೇ ನಮಗೆ ಬೆಳಿಗ್ಗೆ ಬನ್ನಿ ಎಂದಿದ್ದರು. ಅಳಿಯ ಮುಂದೆ ನಿಂತು ನೀರಿನ ಬಣ್ಣ ನೋಡುತ್ತಾ ಕೈಯಲ್ಲೇ ಎಡಕ್ಕೆ, ಬಲಕ್ಕೆ ಎಂದು ತೋರಿಸುತ್ತಿದ್ದ. ಬೋಟು ಎರಡು ಮೂರು ಸಲ ಎದ್ದು ಕುಳಿತಿತು. ದೊಡ್ಡಮ್ಮ ಸಿದ್ಧಾರೂಢರನ್ನು ಕರೆದರು. ಅಷ್ಟರಲ್ಲಿ ದಾಟಿ ಆಗಿತ್ತು.

ದಾಟಿದ ಮೇಲೆ ಒಂದು ಬದಲಾವಣೆ. ಹೊರಗಿನ ಕಡಲು ಇನ್ನೂ ಒರಟಾಗಿರುತ್ತದೆ ಎಂದುಕೊಂಡಿದ್ದ ನಮಗೆ ನೀರು ತಟ್ಟೆಯಂತೆ ಸಮವಾಗಿ ಕಂಡಿತು. ಕಾರಣ ಎಡಗಡೆ ದೂರದಲ್ಲಿ ಕಾಣುವ ಬೈತಖೋಲದ ಗುಡ್ಡ. ಅದು ಕಡಲೊಳಗೆ ಚಾಚಿಕೊಂಡಿದೆ. ಮಳೆಗಾಲದ ದೊಡ್ಡ ಗಾಳಿ ಬರುವುದು ನೈಋತ್ಯದಿಂದ. ಗುಡ್ಡ ಅದಕ್ಕೆ ಅಡ್ಡ ನಿಲ್ಲುತ್ತದೆ. ಅದರ ಮಗ್ಗುಲಲ್ಲೇ ಬಂದರು. "ಗಾಳಿ ಎದ್ದರೆ ಬೇರೆ ಊರಿನ ಬೋಟುಗಳೂ ಇಲ್ಲಿಗೇ ಬರ್ತಾವೆ. ತಮಿಳುನಾಡಿಂದು, ಕೇರಳದ್ದು, ಗೋವಾದ್ದು. ಎಲ್ಲಾ ಸಾಲಾಗಿ ನಿಲ್ತಾವೆ" ಎಂದರು ಬೋಟಿನವರು. ಮೆಣಸಿಗೆ ಬಂದವರೂ, ಕೋಟೆ ಕಟ್ಟಿದವರೂ, ಈಗಿನ ನೌಕಾಪಡೆಯೂ ಈ ಕರಾವಳಿಯ ತುಣುಕನ್ನೇ ಹಿಡಿದುಕೊಂಡದ್ದಕ್ಕೆ ಈ ಮರೆಯೇ ಕಾರಣ. ನಕ್ಷೆಯಲ್ಲಿ ನೋಡಿದಾಗ ನನಗೆ ಅದು ಹೊಳೆದಿರಲಿಲ್ಲ.

ಡಾಲ್ಫಿನ್ ವಿಷಯ ಹೇಳಿಬಿಡುತ್ತೇನೆ. ಕಂಡವು. ಇಲ್ಲಿಯವು ಟಿವಿಯಲ್ಲಿ ಕಾಣುವ ಹಾಗೆ ಚಿಮ್ಮಿ ಪಲ್ಟಿ ಹೊಡೆಯುವವಲ್ಲ. ಬೂದು ಬಣ್ಣ, ಬೆನ್ನ ಮೇಲೊಂದು ಡುಬ್ಬ, ನಾಚಿಕೆಯ ಸ್ವಭಾವ. ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲೇ ಇರುತ್ತವೆ, ಅಳಿವೆಯ ಬಾಯಲ್ಲಿ ಮೀನು ಸಿಗುತ್ತದೆಂದು ಬರುತ್ತವೆ. ಅಲ್ಲಿ ಆಗಲೇ ಎರಡು ಮೂರು ಬೋಟುಗಳಿದ್ದವು. ಡಾಲ್ಫಿನ್ ಎದ್ದ ಕಡೆಗೆಲ್ಲ ಜೋರಾಗಿ ನುಗ್ಗುತ್ತಿದ್ದವು, ಜನ ಶಿಳ್ಳೆ ಹೊಡೆಯುತ್ತಿದ್ದರು. ಹತ್ತಿರ ಹೋದಷ್ಟೂ ಅವು ಮುಳುಗಿ ಇನ್ನೆಲ್ಲೋ ಏಳುತ್ತಿದ್ದವು. ಉಸಿರಾಡಲು ಮೇಲೆ ಬರಲೇಬೇಕಾದ ಪ್ರಾಣಿಯನ್ನು ಹೀಗೆ ಅಟ್ಟಿಸಿಕೊಂಡು ಹೋಗುವುದು ನೋಡಲು ಚೆನ್ನಾಗಿರಲಿಲ್ಲ.

ನಾವು ಸ್ವಲ್ಪ ದೂರ ಸರಿದು ಇಂಜಿನ್ ನಿಲ್ಲಿಸಲು ಹೇಳಿದೆವು. ಬೋಟಿನವರಿಗೆ ಅದು ಹೊಸದೇನಲ್ಲ, ಮೀನು ಹಿಡಿಯುವಾಗ ಅವರು ಮಾಡುವುದೂ ಅದನ್ನೇ. ಉಳಿದ ಬೋಟುಗಳು ಬೇಸರವಾಗಿ ಹೊರಟವು. ಸುಮ್ನೆ ಕುಳಿತೆವು. ಸ್ವಲ್ಪ ಹೊತ್ತಿಗೆ ಬಲಗಡೆ 'ಫುಸ್' ಎಂಬ ಸದ್ದು. ಮಗಳು ನನ್ನ ಕೈ ಹಿಡಿದುಕೊಂಡಳು. ಎರಡು ದೊಡ್ಡವು, ಪಕ್ಕದಲ್ಲಿ ಒಂದು ಸಣ್ಣದು. ಮೇಲೆ ಬಂದು, ಉಸಿರು ಬಿಟ್ಟು, ಆತುರವಿಲ್ಲದೆ ಮುಳುಗಿದವು. ಮತ್ತೆ ಎದ್ದವು. ಫೋಟೊದಲ್ಲಿ ಬಂದದ್ದು ನೀರು ಮಾತ್ರ. ದೊಡ್ಡಮ್ಮ ಅವನ್ನು ಎಮ್ಮೆಗಳೆಂದೇ ಕರೆದರು, ಕೊನೆಯವರೆಗೂ.

ಅಲ್ಲಿಂದ ಕುರುಮಗಡ. ದೇವಬಾಗದ ಗಾಳಿಮರಗಳ ಸಾಲು ಹಿಂದೆ ಸರಿಯುತ್ತದೆ, ದ್ವೀಪ ಹಸಿರಾಗಿ ಎದ್ದು ನಿಲ್ಲುತ್ತದೆ. ಆಮೆಯ ಹಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಬುಡದಲ್ಲಿ ಬೋಟಿನಲ್ಲಿ ಕುಳಿತವರಿಗೆ ಕಾಣುವುದು ಬಂಡೆ, ಮರ, ತಲೆಯ ಮೇಲೆ ಸುತ್ತುವ ಗರುಡಗಳು. ದ್ವೀಪದ ಮೇಲೆ ನರಸಿಂಹ ದೇವಸ್ಥಾನವಿದೆ. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಕಾರವಾರ, ಗೋವಾ ಕಡೆಯಿಂದ ಜನ ದೋಣಿ ದೋಣಿಗಳಲ್ಲಿ ಬರುತ್ತಾರೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ಬೋಟೊಂದು ಮಗುಚಿ 16 ಮಂದಿ ತೀರಿಹೋದರು. ಮಿತಿಗಿಂತ ಜಾಸ್ತಿ ಜನರಿದ್ದರು, ಲೈಫ್ ಜಾಕೆಟ್ ಇರಲಿಲ್ಲ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಜಾಕೆಟ್ ಸೆಕೆ ಎಂದು ಬಿಚ್ಚಲು ಹೊರಟ ಮನೆಯವಳು ಇದನ್ನು ಕೇಳಿ ಮತ್ತೆ ಗುಂಡಿ ಹಾಕಿಕೊಂಡಳು.

ನಾವು ದ್ವೀಪದಲ್ಲಿ ಇಳಿಯಲಿಲ್ಲ. ಬಂಡೆಯ ಹತ್ತಿರ ಅಲೆ ಏರಿಳಿಯುತ್ತಿತ್ತು. "ನಿಮ್ಮನ್ನು ಇಳಿಸಬಹುದು, ಅಮ್ಮನನ್ನು ಬೇಡ" ಎಂದರು ಬೋಟಿನವರು. ಇಳಿಸಿದ್ದರೆ ಇನ್ನಷ್ಟು ದುಡ್ಡು ಕೇಳಬಹುದಿತ್ತು. ಆದರೂ ಬೇಡ ಎಂದರು. ಇಂಥವರ ಬೋಟು ಸಿಕ್ಕಿದ್ದು ನಮ್ಮ ಪುಣ್ಯ. ದ್ವೀಪವನ್ನು ಒಂದು ಸುತ್ತು ಹಾಕಿದೆವು. ಒಳಮಗ್ಗುಲಲ್ಲಿ ನೀರು ಶಾಂತ. ಹೊರಮಗ್ಗುಲಲ್ಲಿ, ಅರಬ್ಬಿ ಕಡಲಿನ ಕಡೆ, ಅಲೆಗಳು ಬಂಡೆಗೆ ಬಡಿಯುವ ಸದ್ದಿನಲ್ಲಿ ಮಾತೇ ಕೇಳಿಸುತ್ತಿರಲಿಲ್ಲ.

ತೆಂಕಣಕ್ಕೆ ತಿರುಗಿದಾಗ ದೇವಗಡ ದ್ವೀಪದ ದೀಪಸ್ತಂಭ. ದ್ವೀಪವನ್ನು ಆಯ್ಸ್ಟರ್ ರಾಕ್ ಎಂದೂ ಕರೆಯುತ್ತಾರೆ. ದೀಪಸ್ತಂಭ 1864ರಿಂದ ಇದೆ. ಆ ದಿನಗಳಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದು, ಧಾರವಾಡದ ಹತ್ತಿಯನ್ನು ಕಾರವಾರದಿಂದ ಹಡಗಿಗೆ ತುಂಬುವ ದೊಡ್ಡ ಲೆಕ್ಕಾಚಾರ ನಡೆದಿತ್ತು. ನಮ್ಮ ಕಡೆಯ ಎರೆಹೊಲದ ಹತ್ತಿಗೂ ಈ ಬಂದರಿಗೂ ಅಷ್ಟು ನಂಟಿತ್ತು. ಆಮೇಲೆ ರೈಲು ಮಾರ್ಮಗೋವಾ ಬಂದರಿಗೆ ಹೋಯಿತು, ಕಾರವಾರ ಸುಮ್ಮನಾಯಿತು. ಊರು ಇಷ್ಟು ಚೆಂದ ಉಳಿದದ್ದರಲ್ಲಿ ಆ ಸೋಲಿನ ಪಾಲೂ ಇದೆ ಎಂದು ನನ್ನ ಅನಿಸಿಕೆ. ಕಾರವಾರದವರು ಒಪ್ಪಲಿಕ್ಕಿಲ್ಲ.

ಇಲ್ಲಿಂದ ಗುಡ್ಡದ ಆಚೆ ಅಂಜದೀವ್ ದ್ವೀಪ ಕಾಣುತ್ತದೆ. ಅದರ ಹತ್ತಿರ ಹೋಗುವಂತಿಲ್ಲ. ಅದು ನೌಕಾಪಡೆಯದು. ಈಗ ತಡೆಗೋಡೆ ಕಟ್ಟಿ ನೆಲಕ್ಕೆ ಸೇರಿಸಿದ್ದಾರೆ. ಕಾರವಾರದ ಕಣ್ಣೆದುರೇ ಇದ್ದರೂ ಲೆಕ್ಕಕ್ಕೆ ಗೋವಾಕ್ಕೆ ಸೇರಿದ್ದು. ವಾಸ್ಕೋ ಡ ಗಾಮಾ 1498ರಲ್ಲಿ ವಾಪಸ್ ಹೋಗುವಾಗ ಇಲ್ಲಿ ಹಡಗು ರಿಪೇರಿ ಮಾಡಿಕೊಂಡ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ನನಗೆ ಮರೆಯಲಾಗದ್ದು ಇಂಗ್ಲಿಷ್ ಸೈನಿಕರ ಕಥೆ. 1660ರ ದಶಕದಲ್ಲಿ ಮುಂಬೈ ಇಂಗ್ಲೆಂಡಿನ ರಾಜನಿಗೆ ಮದುವೆಯ ಬಳುವಳಿಯಾಗಿ ಬಂತು. ಆದರೆ ಅಲ್ಲಿದ್ದ ಪೋರ್ಚುಗೀಸರು ಬಿಟ್ಟುಕೊಡಲಿಲ್ಲ. ವಶಕ್ಕೆ ಪಡೆಯಲು ಬಂದ ನೂರಾರು ಸೈನಿಕರು ಈ ದ್ವೀಪದಲ್ಲಿ ಕಾಯುತ್ತಾ ಕೂತರು. ಜ್ವರ, ಕಾಯಿಲೆ. ಅಧಿಕಾರಿ ಅಬ್ರಹಾಂ ಶಿಪ್‌ಮನ್ 1664ರಲ್ಲಿ ಇಲ್ಲೇ ಸತ್ತ. ಮುಂಬೈ ಕೈಗೆ ಬರುವ ಹೊತ್ತಿಗೆ ಹೆಚ್ಚಿನವರು ಉಳಿದಿರಲಿಲ್ಲ.

1961ರಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ಇಲ್ಲಿನ ಪೋರ್ಚುಗೀಸರು ಮೀನುಗಾರರ ಮೇಲೂ ಗುಂಡು ಹಾರಿಸಿದ್ದರು. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ಇಳಿಯಿತು. 7 ನಾವಿಕರು ಪ್ರಾಣ ಕೊಟ್ಟರು. ಈಗ ಪಕ್ಕದ ದಡದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, 2005ರಿಂದ. ಈ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆಂದು ಅರಗಾ, ಬಿಣಗಾ, ಅಮದಳ್ಳಿ ಕಡೆಯ ಸಾವಿರಾರು ಕುಟುಂಬಗಳು ಜಾಗ ಬಿಟ್ಟುಕೊಟ್ಟವು. "ನನ್ನ ಹೆಂಡತಿ ತವರು ಆ ಕಡೇನೇ ಇತ್ತು. ಈಗ ದೂರದಿಂದ ಕೈ ತೋರಿಸೋದು ಅಷ್ಟೆ" ಎಂದರು ಬೋಟಿನವರು. ನಾವು ಅಲ್ಲಿ ಫೋಟೊ ತೆಗೆಯಲಿಲ್ಲ. ತೆಗೆಯಬಾರದು ಕೂಡ.

ಬಿಸಿಲು ಏರಿತ್ತು, ನೀರು ಇಳಿಯತೊಡಗಿತ್ತು. ಅಳಿವೆ ಒಳಬರುವಾಗ ಹೊರಗೆ ಹೋದ ದಾರಿಯಲ್ಲಿ ಬರಲಾಗಲಿಲ್ಲ, ದೇವಬಾಗದ ಕಡೆಗೆ ಸುತ್ತು ಹಾಕಿದೆವು. ಆ ಕಡೆಯ ಮೊಣಕಾಲು ನೀರಿನಲ್ಲಿ ಹೆಂಗಸರು ಬಾಗಿ ಚಿಪ್ಪು ಆರಿಸುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕೂತಲ್ಲಿ ಅದೇ ಚಿಪ್ಪಿನ ಸುಕ್ಕ, ಬಂಗಡೆ ಫ್ರೈ, ಕುಚ್ಚಲಕ್ಕಿ ಅನ್ನ, ಮುರುಗಲಿನ ಸೋಲ್ ಕಡಿ. ದೊಡ್ಡಮ್ಮನಿಗೆ ಅನ್ನ, ಸೋಲ್ ಕಡಿ, ಉಪ್ಪಿನಕಾಯಿ. ಕಡಿಯನ್ನು ಅವರು ಮೂರು ಲೋಟ ಕುಡಿದರು.

ಹೋಗುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಪ್ರಶ್ನೆಯೇ ಇಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಯನ್ನೇ ನಿಲ್ಲಿಸಿರುತ್ತಾರೆ. ಸಮಯವನ್ನು ನೀವು ಹೇಳಬೇಡಿ, ಉಬ್ಬರ ನೋಡಿ ಬೋಟಿನವರೇ ಹೇಳಲಿ. ಮಕ್ಕಳ ಅಳತೆಯ ಜಾಕೆಟ್ ಇದೆಯೇ ಎಂದು ಹಿಂದಿನ ದಿನವೇ ಕೇಳಿ, ದೊಡ್ಡವರದ್ದು ಅವರ ಕುತ್ತಿಗೆಯಿಂದ ಜಾರುತ್ತದೆ. ದರ ಗಂಟೆಗೋ, ಇಡೀ ಸುತ್ತಿಗೋ ಎಂದು ಹತ್ತುವ ಮೊದಲೇ ಮಾತಾಡಿಕೊಳ್ಳಿ. ಗಂಟೆಗೆ ಎಂದಾದರೆ, ಇಂಜಿನ್ ನಿಲ್ಲಿಸಿ ಕೂತ ಹೊತ್ತಿಗೂ ಕೊಡಬೇಕಾಗುತ್ತದೆ. ಕೊಡಿ.