ದೂರು ಕೊಟ್ಟವಳೇ ಆರೋಪಿಯಾಗುವ ನ್ಯಾಯ

ಅಫ್ಘಾನಿಸ್ತಾನದ ಹೆಣ್ಣುಮಕ್ಕಳ ಸಂಕಟವೆಲ್ಲ 2021ರ ಆಗಸ್ಟ್‌ನಲ್ಲಿ ತಾಲಿಬಾನಿಗಳು ಕಾಬೂಲಿಗೆ ಕಾಲಿಟ್ಟ ದಿನದಿಂದಲೇ ಶುರುವಾಯಿತೆಂಬಂತೆ ನಮ್ಮಲ್ಲಿ ಅನೇಕರು ಬರೆಯುತ್ತಾರೆ. ಅದಕ್ಕೆ ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ನ್ಯಾಯಾಲಯಗಳು ನಡೆದುಕೊಂಡ ರೀತಿಯನ್ನು ಓದಿದ ಮೇಲೆ ಈ ಮಾತನ್ನು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ.

ಮನೆ ಬಿಟ್ಟು ಹೋಗುವುದು ಅಪರಾಧವೆಂದು ಆ ದೇಶದ 1976ರ ದಂಡಸಂಹಿತೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆದರೂ ಗಂಡನ ಹೊಡೆತ ತಾಳಲಾರದೆಯೋ ಒಲ್ಲದ ಮದುವೆಗೆ ಹೆದರಿಯೋ ಹೊರಬಂದ ಹೆಣ್ಣು ಪೊಲೀಸರ ಕೈಗೆ ಸಿಕ್ಕರೆ, ಅವಳ ಮೈಮೇಲಿನ ಗಾಯಕ್ಕಿಂತ ಅವಳು ಮನೆಯ ಹೊರಗೆ ಯಾರೊಂದಿಗಿದ್ದಳು ಎಂಬುದೇ ವಿಚಾರಣೆಯ ವಿಷಯವಾಗುತ್ತಿತ್ತು. ಕನ್ಯತ್ವ ಪರೀಕ್ಷೆಗೆ ಕಳಿಸುತ್ತಿದ್ದರು. ವಿಜ್ಞಾನದ ಯಾವ ಆಧಾರವೂ ಇಲ್ಲದ ಆ ವರದಿ ಕಡತದಲ್ಲಿ ಸಾಕ್ಷ್ಯವಾಗಿ ಸೇರುತ್ತಿತ್ತು. ಅತ್ಯಾಚಾರವಾಯಿತೆಂದು ದೂರು ಕೊಟ್ಟವಳು ಬಲಾತ್ಕಾರವನ್ನು ಸಾಬೀತುಪಡಿಸಲಾಗದಿದ್ದರೆ, ಅವಳ ದೂರನ್ನೇ ತಪ್ಪೊಪ್ಪಿಗೆಯೆಂದು ಓದಿ, ವ್ಯಭಿಚಾರದ ಆರೋಪವನ್ನು ಅವಳ ಮೇಲೆಯೇ ಹೊರಿಸಲು ಅವಕಾಶವಿತ್ತು. ಹೀಗೆ 'ನೈತಿಕ ಅಪರಾಧ'ಗಳ ಹೆಸರಿನಲ್ಲಿ ಸೆರೆಯಲ್ಲಿದ್ದ ಮಹಿಳೆಯರು ಮತ್ತು ಬಾಲಕಿಯರು ಸುಮಾರು 400 ಮಂದಿ ಎಂದು 2012ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ ಅಂದಾಜಿಸಿತ್ತು. ಕಾಬೂಲಿನಲ್ಲಿ ಆಗ ಇದ್ದದ್ದು ಚುನಾಯಿತ ಸರ್ಕಾರ.

ಒಳ್ಳೆಯ ಕಾನೂನು ಇರಲಿಲ್ಲವೆಂದಲ್ಲ. ಬಾಲ್ಯವಿವಾಹ, ಅತ್ಯಾಚಾರ, ಕುಟುಂಬಗಳ ವೈರ ತೀರಿಸಲು ಹೆಣ್ಣನ್ನು ಒಪ್ಪಿಸುವ 'ಬಾದ್' ಪದ್ಧತಿ ಸೇರಿದಂತೆ 22 ಕೃತ್ಯಗಳನ್ನು ಅಪರಾಧವೆಂದು ಸಾರಿದ ಕಾಯ್ದೆ 2009ರಲ್ಲಿ ಅಧ್ಯಕ್ಷರ ಆದೇಶದ ಮೂಲಕ ಬಂದಿತ್ತು. ಅದಕ್ಕೆ ಸಂಸತ್ತಿನ ಒಪ್ಪಿಗೆ ಪಡೆಯಲು 2013ರಲ್ಲಿ ಹೊರಟಾಗ, ಇದು ಧರ್ಮವಿರೋಧಿ ಎಂದು ಸದಸ್ಯರು ಗದ್ದಲ ಎಬ್ಬಿಸಿ ಚರ್ಚೆಯನ್ನೇ ನಿಲ್ಲಿಸಿದರು.

2015ರ ಮಾರ್ಚ್‌ನಲ್ಲಿ ಕಾಬೂಲಿನ ಶಾಹ್-ದೋ ಶಂಶೀರಾ ದರ್ಗಾದ ಬಳಿ ಫರ್ಖುಂದಾ ಎಂಬ ಯುವತಿಯನ್ನು ಗುಂಪೊಂದು ಬಡಿದು ಕೊಂದಿತು. ಕುರಾನ್ ಸುಟ್ಟಳೆಂಬ ಆರೋಪ ಹಸಿ ಸುಳ್ಳು. ಅಲ್ಲಿ ತಾಯತ ಮಾರುವುದನ್ನು ಅವಳು ಪ್ರಶ್ನಿಸಿದ್ದಳು. ಪೊಲೀಸರು ಎದುರಿಗೇ ಇದ್ದರು. ಶವಪೆಟ್ಟಿಗೆಗೆ ಹೆಗಲು ಕೊಡುವುದು ಗಂಡಸರಿಗೆ ಮಾತ್ರ ಮೀಸಲಾಗಿದ್ದ ಆ ಊರಿನಲ್ಲಿ ಅಂದು ಹೆಂಗಸರೇ ಅವಳ ಪೆಟ್ಟಿಗೆಯನ್ನು ಹೊತ್ತರು. ಕೆಳ ನ್ಯಾಯಾಲಯ ನಾಲ್ವರಿಗೆ ವಿಧಿಸಿದ ಮರಣದಂಡನೆಯನ್ನು ಮೇಲ್ಮನವಿ ನ್ಯಾಯಾಲಯ ಬಾಗಿಲು ಮುಚ್ಚಿಕೊಂಡು ನಡೆಸಿದ ಕಲಾಪದಲ್ಲಿ ರದ್ದುಮಾಡಿ ಜೈಲುಶಿಕ್ಷೆಗೆ ಇಳಿಸಿತು. ಮರಣದಂಡನೆಯನ್ನು ನಾನು ಬೆಂಬಲಿಸುವವಳಲ್ಲ. ಆದರೆ ಆ ಮುಚ್ಚಿದ ಬಾಗಿಲನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟಾದರೂ ಆ ವ್ಯವಸ್ಥೆಯೊಳಗೆ 250ಕ್ಕೂ ಹೆಚ್ಚು ಮಹಿಳಾ ನ್ಯಾಯಾಧೀಶರಿದ್ದರು, ವಕೀಲೆಯರಿದ್ದರು, ಆಶ್ರಯಧಾಮಗಳಿದ್ದವು. ತಾಲಿಬಾನಿಗಳು ಜೈಲುಗಳ ಬಾಗಿಲು ತೆಗೆದಾಗ, ಆ ನ್ಯಾಯಾಧೀಶೆಯರು ಶಿಕ್ಷೆ ವಿಧಿಸಿದ್ದ ಅಪರಾಧಿಗಳು ಹೊರಬಂದರು. ನ್ಯಾಯಾಧೀಶೆಯರು ಅಡಗಿ ಬದುಕಬೇಕಾಯಿತು, ಅನೇಕರು ದೇಶ ಬಿಟ್ಟರು. ಹೆಣ್ಣಿನ ಒಪ್ಪಿಗೆಯಿಲ್ಲದೆ ಮದುವೆ ಕೂಡದೆಂದು 2021ರ ಡಿಸೆಂಬರ್‌ನಲ್ಲಿ ತಾಲಿಬಾನ್ ನಾಯಕನೇ ಆದೇಶ ಹೊರಡಿಸಿದ್ದುಂಟು. ಆದರೆ ಬಲವಂತದ ಮದುವೆಗೆ ಒಳಗಾದವಳು ದೂರು ಒಯ್ಯಬೇಕಾದದ್ದು ಗಂಡಸರೇ ತುಂಬಿರುವ ನ್ಯಾಯಾಲಯಕ್ಕೆ. ಅಲ್ಲಿಗೆ ಹೋಗಲು ಜೊತೆಗೆ ಮನೆಯ ಗಂಡಸು ಬೇಕು, ಬಲವಂತ ಮಾಡಿದವನು ಬಹಳ ಸಲ ಅವನೇ. ಇದರ ಮೇಲೆ, ಹೆಣ್ಣಿನ ದನಿಯೇ ಮರೆಯಲ್ಲಿರಬೇಕಾದದ್ದು ಎಂಬ ಕಾನೂನು 2024ರ ಆಗಸ್ಟ್‌ನಲ್ಲಿ ಬಂತು.

ಲಿಂಗಾಧಾರಿತ ದಮನದ ಆರೋಪದ ಮೇಲೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು 2025ರ ಜುಲೈನಲ್ಲಿ ಇಬ್ಬರ ವಿರುದ್ಧ ಬಂಧನ ವಾರಂಟ್ ಹೊರಡಿಸಿತು. ಒಬ್ಬ ತಾಲಿಬಾನಿನ ಪರಮೋಚ್ಚ ನಾಯಕ ಹೈಬತುಲ್ಲಾ ಅಖುಂಡ್‌ಜಾದಾ. ಇನ್ನೊಬ್ಬ ಅವರ ಮುಖ್ಯ ನ್ಯಾಯಮೂರ್ತಿ ಅಬ್ದುಲ್ ಹಕೀಂ ಹಕ್ಕಾನಿ. ಕಾಬೂಲಿನೊಂದಿಗೆ ಮಾತುಕತೆಗೆ ಕೂರುವ ಯಾವುದೇ ದೇಶ, ನಮ್ಮದೂ ಸೇರಿದಂತೆ, ವ್ಯಾಪಾರದ ಮಾತಿಗೆ ಮೊದಲು ಕೇಳಬೇಕಾದದ್ದು ಆ ನ್ಯಾಯಾಧೀಶೆಯರನ್ನು ಅವರ ಪೀಠಕ್ಕೆ ಯಾವಾಗ ಕರೆಸುತ್ತೀರಿ ಎಂದು.