ರೊಟ್ಟಿ ಎತ್ತುವ ಎಲುಬು

ಎಳ್ಳ ಅಮಾವಾಸ್ಯೆಗೆ ಎಂಟು ದಿನ ಇರುವಾಗ ಅವ್ವ ಬಚ್ಚಲಲ್ಲಿ ಕಾಲು ಜಾರಿ, ಬೀಳುವ ಭರದಲ್ಲಿ ಬಲಗೈ ಊರಿದಳು. ಮಣಿಕಟ್ಟಿನ ಬಳಿ ಎಲುಬು ಮುರಿಯಿತು. ಆರು ವಾರದ ಪ್ಲಾಸ್ಟರ್ ಬಿಚ್ಚಿಸಿ ಹತ್ತು ದಿನ ಕಳೆಯುವಷ್ಟರಲ್ಲಿ, ನಾವು ಬೇಡವೆಂದರೂ ಕೇಳದೆ, ಸೊಸೆಯ ಕೈಯಲ್ಲಿ ಎಸರು ಹಾಕಿಸಿ ಜೋಳದ ಹಿಟ್ಟು ನಾದಿಸಿಕೊಂಡು ರೊಟ್ಟಿಗೆ ಕುಳಿತಳು. ಮೆಲ್ಲಗೆ ಬಡಿದಳು, ರೊಟ್ಟಿ ದುಂಡಗೆ ಹರಡಿತು. ಆದರೆ ಅದನ್ನು ಎತ್ತಿ ಹಂಚಿಗೆ ಹಾಕಲು ಅವಳಿಂದ ಆಗಲಿಲ್ಲ. "ಬಡೀಲಾಕ ಬರ್ತದ, ಎತ್ಲಾಕ ಬರವಲ್ದು ನೋಡಪ್ಪ" ಎಂದು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ನಾನು ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವನು. ವಯಸ್ಕರ ದೇಹದ 206 ಎಲುಬುಗಳಲ್ಲಿ ಒಂದೊಂದು ಕೈಗೆ ಮತ್ತು ಒಂದೊಂದು ಕಾಲಿಗೆ 30ರಂತೆ 120, ಹೆಗಲಿನ ನಾಲ್ಕು ಮತ್ತು ಸೊಂಟದ ಎರಡು ಸೇರಿಸಿದರೆ 126 ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕಗಳೂ ಬರುತ್ತವೆ. ಆದರೆ ಬಡಿಯಬಲ್ಲ ಕೈ ಎತ್ತಲಾರದೆ ಹೋದದ್ದು ಏಕೆ ಎಂಬ ಅವ್ವನ ಪ್ರಶ್ನೆಗೆ ಆ ಎಣಿಕೆಯಲ್ಲಿ ಉತ್ತರವಿರಲಿಲ್ಲ. ಅದು ಇರುವುದು ಮುಂಗೈಯ ಎರಡು ಎಲುಬುಗಳ ನಡುವಿನ ಹೊಂದಾಣಿಕೆಯಲ್ಲಿ.

ಮೊಳಕೈಯಿಂದ ಮಣಿಕಟ್ಟಿನವರೆಗೆ ಕಿರುಬೆರಳಿನ ಕಡೆ ಇರುವುದು ಅಲ್ನಾ, ಹೆಬ್ಬೆರಳಿನ ಕಡೆ ಇರುವುದು ರೇಡಿಯಸ್. ಅಲ್ನಾ ಎಂಬುದು ಮೊಳಕೈಯನ್ನು ಸೂಚಿಸುವ ಲ್ಯಾಟಿನ್ ಮಾತು. ನಮ್ಮ ಹೂವಿನವರು ಮೊಳ ಹಾಕುವಾಗ ಮಾಲೆಯ ತುದಿಯನ್ನು ಹಿಡಿಯುವುದು ಈ ಎಲುಬಿನ ಹಿಂತುದಿಯ ಗಂಟಿನ ಬಳಿಯೇ. ರೇಡಿಯಸ್ ಎಂದರೆ ಚಕ್ರದ ಅರ, ಅಂದರೆ ಕಡ್ಡಿ. ಎರಡೂ ಎಲುಬುಗಳು ಕೆಲಸವನ್ನು ಹಂಚಿಕೊಂಡಿರುವ ರೀತಿ ನನಗೆ ಎಷ್ಟು ಸಲ ಕಲಿಸಿದರೂ ಹಳತಾಗಿಲ್ಲ. ಅಲ್ನಾದ ಮೇಲ್ತುದಿ ದಪ್ಪ. ಅದು ರಟ್ಟೆಯ ಹ್ಯೂಮರಸ್ ಎಲುಬನ್ನು ಕೊಕ್ಕೆಯಂತೆ ಹಿಡಿದು, ಬಾಗಿಲ ತಿರುಗಣಿಯ ಹಾಗೆ ಮಡಚಲು ಮತ್ತು ಬಿಡಿಸಲು ಮಾತ್ರ ಎಡೆಕೊಡುತ್ತದೆ. ಕೆಳಕ್ಕೆ ಬಂದಂತೆ ಸಪೂರವಾಗುವ ಅದು ಮಣಿಕಟ್ಟಿನ ಸಣ್ಣ ಎಲುಬುಗಳನ್ನು ನೇರವಾಗಿ ಮುಟ್ಟುವುದೂ ಇಲ್ಲ. ನಡುವೆ ಮೃದ್ವಸ್ಥಿಯ ಒಂದು ತಟ್ಟೆ ಇರುತ್ತದೆ. ರೇಡಿಯಸ್ ಇದಕ್ಕೆ ತಿರುವುಮುರುವು. ಮೇಲ್ತುದಿ ಪುಟ್ಟ ಬಿಲ್ಲೆ, ಅದರ ಸುತ್ತ ಬಳೆಯಂತಹ ಅಸ್ಥಿರಜ್ಜು, ಅಂದರೆ ಎಲುಬುಗಳನ್ನು ಕಟ್ಟಿಹಿಡಿಯುವ ಗಟ್ಟಿ ಪಟ್ಟಿ. ಕೆಳತುದಿ ಅಗಲ, ಅಂಗೈಯ ಭಾರವನ್ನು ಹೊರುವುದು ಬಹುಮಟ್ಟಿಗೆ ಅದೇ. ಚಿಕ್ಕ ಮಕ್ಕಳನ್ನು ಒಂದೇ ಕೈ ಹಿಡಿದು ಜಗ್ಗಿ ಎತ್ತಿದಾಗ ಜಾರುವುದು ಆ ಬಳೆಯೊಳಗಿನ ಬಿಲ್ಲೆಯೇ. ಆದ್ದರಿಂದ ಜಾತ್ರೆಯ ನೂಕುನುಗ್ಗಲಿನಲ್ಲೂ ಮಗುವನ್ನು ಕಂಕುಳಿಗೆ ಕೈ ಕೊಟ್ಟು ಎತ್ತಬೇಕೆಂದು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ.

ಅಂಗೈಯನ್ನು ಮೇಲೆ ಕೆಳಗೆ ಮಾಡುವಾಗ ತಿರುಗುವುದು ಮಣಿಕಟ್ಟು ಎಂದು ಬಹಳ ಜನ ತಿಳಿದಿದ್ದಾರೆ. ಮಣಿಕಟ್ಟು ಬಾಗುತ್ತದೆ, ಪಕ್ಕಕ್ಕೆ ವಾಲುತ್ತದೆ. ತಿರುಗಿಸುವ ಕೆಲಸ ಅದರದ್ದಲ್ಲ. ಅಂಗೈ ಮೇಲಿದ್ದಾಗ ಎರಡೂ ಎಲುಬುಗಳು ಅಕ್ಕಪಕ್ಕದಲ್ಲಿ ಸಮಾನಾಂತರವಾಗಿರುತ್ತವೆ. ಅಂಗೈ ಕೆಳಗಾದಾಗ ರೇಡಿಯಸ್ ಅಲ್ನಾದ ಮೇಲೆ ಅಡ್ಡಹಾಯ್ದು ಕತ್ತರಿಯ ಆಕಾರ ತಾಳುತ್ತದೆ, ಅಂಗೈ ಅದರ ಜೊತೆಗೇ ತಿರುಗುತ್ತದೆ. ಹೀಗೆ ದಾಟಲು ಎಡೆಯಾಗಲೆಂದೇ ರೇಡಿಯಸ್ ಸ್ವಲ್ಪ ಬಿಲ್ಲಿನಂತೆ ಬಾಗಿದೆ. ಮೊಳಕೈಯನ್ನು ಪಕ್ಕೆಗೆ ಒತ್ತಿ, ಇನ್ನೊಂದು ಕೈಯಿಂದ ಮುಂಗೈಯನ್ನು ಹಿಡಿದು ಅಂಗೈ ತಿರುಗಿಸಿದರೆ ಈ ಚಲನೆ ಬೆರಳಿಗೇ ಸಿಗುತ್ತದೆ. ಮೊಳಕಾಲಿನ ಕೆಳಗೂ ಎರಡು ಎಲುಬುಗಳಿವೆ, ಆದರೆ ನಿಲ್ಲಬೇಕಾದ ಕಾಲಿಗೆ ಈ ಸ್ವಾತಂತ್ರ್ಯ ದಕ್ಕಿಲ್ಲ. ಅಲ್ಲಿ ಅವು ಬಿಗಿಯಾಗಿ ಕಟ್ಟಿಕೊಂಡಿವೆ.

ಅವ್ವನಿಗೆ ಮುರಿದದ್ದು ರೇಡಿಯಸ್‌ನ ಅಗಲವಾದ ಕೆಳತುದಿ. ಆ ಭಾಗದ ಒಳಗೆಲ್ಲ ಜೇನುಗೂಡಿನಂತಹ ಹಗುರ ಎಲುಬು, ಹೊರಗಿನ ಗಟ್ಟಿ ಪದರ ತೆಳು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಆ ಜಾಲರಿ ಇನ್ನೂ ತೆಳುವಾಗುವುದರಿಂದ, ಊರಿದ ಕೈಯ ಮೇಲೆ ಮೈಭಾರ ಬಿದ್ದಾಗ ಅಲ್ಲಿಯೇ ಮುರಿದು, ತುಂಡು ಹಿಂದಕ್ಕೆ ಸರಿಯುತ್ತದೆ. ಎಕ್ಸ್‌ರೇ ಬರುವುದಕ್ಕೆ 81 ವರ್ಷ ಮೊದಲೇ, 1814ರಲ್ಲಿ, ಡಬ್ಲಿನ್‌ನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಇದನ್ನು ಕೈಯಿಂದ ಮುಟ್ಟಿ ಗುರುತಿಸುವ ಬಗೆಯನ್ನು ಬರೆದರು. ಅದುವರೆಗೆ ಬಹಳ ವೈದ್ಯರು ಇದನ್ನು ಮಣಿಕಟ್ಟಿನ ಕೀಲು ತಪ್ಪಿದ್ದೆಂದೇ ಎಣಿಸುತ್ತಿದ್ದರು. ನಮ್ಮ ಬಂಧುಗಳೊಬ್ಬರೂ ಕೀಲು ಜಾರಿದೆಯೆಂದು ಹೇಳಿ ಬಿದಿರಿನ ದಬ್ಬೆ ಕಟ್ಟುವವರ ಹತ್ತಿರ ಅವಳನ್ನು ಕರೆದೊಯ್ದಿದ್ದರು. ಮರುದಿನ ಬೆರಳು ಬಾತು ಬಣ್ಣ ಬದಲಾದ ಮೇಲೆ ಎಕ್ಸ್‌ರೇ ತೆಗೆಸಿದೆವು. ಆ ಒಂದು ದಿನ ಕಳೆದುಕೊಂಡದ್ದಕ್ಕೆ ನನಗೆ ಇಂದಿಗೂ ಸಂಕಟವಿದೆ.

ಪ್ಲಾಸ್ಟರ್ ಹಾಕಿದ ಕಡೆ ಬೆರಳು, ಮೊಳಕೈ ಮತ್ತು ಹೆಗಲುಗಳನ್ನು ದಿನವೂ ಆಡಿಸುತ್ತಿರಬೇಕೆಂದು ಯಾರೂ ಹೇಳಲಿಲ್ಲ. ಅವ್ವ ಆರು ವಾರವೂ ಕೈಯನ್ನು ಜೋಳಿಗೆಯಲ್ಲಿ ಅಲುಗಾಡದಂತೆ ಇಟ್ಟುಕೊಂಡಳು. ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ರೇಡಿಯಸ್ ಮತ್ತು ಅಲ್ನಾ ಒಂದನ್ನೊಂದು ಸೇರುವ ಪುಟ್ಟ ಕೀಲಿನ ಸುತ್ತಲ ಪೊರೆ ಬಿಗಿದುಕೊಂಡಿತು. ಎಲುಬು ಕೂಡಿತ್ತು, ಆದರೆ ಅಂಗೈ ಮೇಲಾಗುವ ದಾರಿ ಮುಚ್ಚಿತ್ತು.

ಹಾಗಾದರೆ ಬಡಿಯಲು ಹೇಗೆ ಬಂತು ಎಂಬುದಕ್ಕೆ ಉತ್ತರ ಹೆಗಲಿನಲ್ಲಿದೆ. ಅಂಗೈ ಕೆಳಗಾಗುವುದರಲ್ಲಿ ತುಸು ಕೊರತೆಯಿದ್ದರೆ ಹೆಗಲು ಅದನ್ನು ತುಂಬಿಕೊಡುತ್ತದೆ. ಮೊಳಕೈಯನ್ನು ಪಕ್ಕೆಯಿಂದ ಹೊರಕ್ಕೆ ಎತ್ತಿದರೆ ಸಾಕು, ಅಂಗೈ ನೆಲ ನೋಡುತ್ತದೆ. ರೊಟ್ಟಿ ಬಡಿಯುವಾಗ ಮೊಳಕೈ ಹೇಗೂ ಹೊರಗೇ ಇರುತ್ತದೆ. ಆದರೆ ಬೆರಳುಗಳನ್ನು ರೊಟ್ಟಿಯ ಅಡಿಗೆ ಸರಿಸಿ, ಅಂಗೈಯನ್ನು ಆಕಾಶಕ್ಕೆ ತೆರೆದು ಅದನ್ನು ಹೊತ್ತು, ಹಂಚಿನ ಮೇಲೆ ಬಂದಾಗ ಮಗುಚಿ ಹಾಕುವ ಹೊತ್ತಿನಲ್ಲಿ ಹೆಗಲು ಕೊಡಬಲ್ಲ ನೆರವು ಅತ್ಯಲ್ಪ. ಅಲ್ಲಿ ರೇಡಿಯಸ್ ತಾನೇ ತಿರುಗಬೇಕು. ಅನ್ನ ಕಲಸಿದ ಕೈಯಿಂದ ತುತ್ತು ಬಾಯಿಗೆ ಒಯ್ಯುವುದು, ತೀರ್ಥಕ್ಕೆ ಕೈಯೊಡ್ಡುವುದು, ಅಂಗಡಿಯವನಿಂದ ಚಿಲ್ಲರೆ ಪಡೆಯುವುದು ಎಲ್ಲವೂ ಇದೇ ಚಲನೆ. ಅವ್ವ ಈ ಎಲ್ಲಕ್ಕೂ ಎಡಗೈ ಬಳಸಲು ಸಂಕೋಚಪಟ್ಟು ತೀರ್ಥ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದಳೆಂದು ನನಗೆ ಆಮೇಲೆ ತಿಳಿಯಿತು.

ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟ ವ್ಯಾಯಾಮ ಸರಳವಾದದ್ದು. ಮೊಳಕೈಯನ್ನು ಸಮಕೋನದಲ್ಲಿ ಮಡಚಿ ಪಕ್ಕೆಗೆ ಒತ್ತಿ, ಮುಷ್ಟಿಯಲ್ಲಿ ಸವಟು ಹಿಡಿದು, ನೋವು ಸಹಿಸುವಷ್ಟು ಮೆಲ್ಲಗೆ ಹೊರಕ್ಕೆ ತಿರುಗಿಸುವುದು. ಮೊಳಕೈ ಮಡಚಿದಾಗ ರಟ್ಟೆಯ ಬೈಸೆಪ್ಸ್ ಸ್ನಾಯು ರೇಡಿಯಸ್ಸನ್ನು ಹೊರಕ್ಕೆ ತಿರುಗಿಸಲು ಹೆಚ್ಚಿನ ಬಲ ಕೊಡುತ್ತದೆ. ಪ್ರತಿ ಸೋಮವಾರ ಶಾಲೆಯ ಕೋನಮಾಪಕವನ್ನು ಅವಳ ಮುಷ್ಟಿಯ ಮುಂದೆ ಹಿಡಿದು ಅಳೆದೆ. ಸವಟು ನೇರ ನಿಂತಾಗ ಸೊನ್ನೆ. ಆರೋಗ್ಯವಂತ ಕೈ 80 ಡಿಗ್ರಿಯ ಆಸುಪಾಸು ಹೊರಳುತ್ತದೆ. ಮೊದಲ ವಾರ ಅವಳದು 25 ಇತ್ತು. ಕೆಲವು ವಾರ ಒಂದು ಡಿಗ್ರಿಯೂ ಕದಲಲಿಲ್ಲ.

ಹೋಳಿಯ ನಂತರ ಬರುವ ನಮ್ಮೂರಿನ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ 60 ಮುಟ್ಟಿತು. ಅಂದು ಬೆಳಗ್ಗೆ ನಾನು ಕೋನಮಾಪಕ ಹುಡುಕುತ್ತಿರುವಾಗ, ಅವ್ವ ಒಲೆಯ ಮುಂದೆ ಕುಳಿತು ಒಂದು ರೊಟ್ಟಿ ಬಡಿದು, ಎರಡೂ ಕೈಗಳ ನಡುವೆ ಅಲ್ಲ, ಬಲಗೈ ಒಂದರಲ್ಲೇ ಎತ್ತಿ ಹಂಚಿಗೆ ಹಾಕಿದಳು. ಅಂಚು ಸ್ವಲ್ಪ ಮಡಚಿತು. ಅವಳು ಒದ್ದೆ ಬಟ್ಟೆಯಿಂದ ಅದನ್ನು ಬಿಡಿಸಿ ನೀರು ಸವರಿದಳು.