ಬರೆದದ್ದನ್ನು ಕಾಯುವ ಕೆಲಸ

ಆ ಶನಿವಾರ ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಬ್ಲಾಗ್ ತೆರೆದು ನೋಡಿದೆ. ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ. ಪುಟದ ತುಂಬಾ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಶೀರ್ಷಿಕೆ ಇದ್ದ ಕಡೆ ಪ್ರಶ್ನಾರ್ಥಕ, ಬರಹ ಇದ್ದ ಕಡೆ ಪ್ರಶ್ನಾರ್ಥಕ. ನಡುನಡುವೆ 1998, 2001 ಅಂತ ಇಸವಿಗಳು ಮಾತ್ರ ಹಾಗೇ ಉಳಿದಿದ್ದವು. ಕೈಕಾಲು ತಣ್ಣಗಾಯಿತು. ಹನ್ನೊಂದು ವರ್ಷದ ಕೆಲಸ ಅದು. 140 ಬರಹ.

ನಾನು ಬೆಂಗಳೂರಿನ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಹಸ್ತಪ್ರತಿ ಟೈಪ್ ಮಾಡುವುದು, ಪುಟ ಕಟ್ಟುವುದು, ಕರಡು ತಿದ್ದಿಸಿ ತರುವುದು. ದಿನಾ ಎದುರಾಗುವ ತೊಂದರೆಗಳನ್ನೂ ಅವಕ್ಕೆ ಕಂಡುಕೊಂಡ ದಾರಿಗಳನ್ನೂ ಬರೆದಿಡೋಣ ಅಂತ ಬ್ಲಾಗ್ ಶುರು ಮಾಡಿದೆ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ಗೆ ತರುವುದು ಹೇಗೆ, ಯಾವ ಫಾಂಟಿನಲ್ಲಿ ಒತ್ತಕ್ಷರ ಮುರಿಯುತ್ತದೆ, ಇಂಥವು. ಬರುಬರುತ್ತಾ ಅದು ನನ್ನ ಕೆಲಸದ್ದೇ ಒಂದು ಭಾಗವಾಯಿತು. ಅದನ್ನು ಓದಿಯೇ ಎಷ್ಟೋ ಲೇಖಕರು ನಮ್ಮ ಪ್ರೆಸ್ಸಿಗೆ ಬಂದಿದ್ದಾರೆ. ಬರೆಯುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಬರೆದದ್ದನ್ನು ಉಳಿಸಿಕೊಳ್ಳುವುದು ಹೇಗೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ.

ಆಗಿದ್ದು ಇಷ್ಟು. ಹೋಸ್ಟಿಂಗ್, ಅಂದರೆ ಬ್ಲಾಗ್ ಇಡಲು ಬಾಡಿಗೆಗೆ ಜಾಗ ಕೊಡುವ ಕಂಪನಿಯನ್ನು ಬದಲಿಸಿದೆ. ಹಳೆ ಕಡೆಯಿಂದ ಬರಹಗಳೆಲ್ಲ ಇರುವ ಡೇಟಾಬೇಸ್ ಇಳಿಸಿಕೊಂಡು ಹೊಸ ಕಡೆಗೆ ಏರಿಸಿದೆ. ಇಳಿಸುವಾಗ ಅಕ್ಷರಗಳನ್ನು ಯಾವ ಸಂಕೇತದಲ್ಲಿ ಬರೆದಿಡಬೇಕು ಎಂದು ಒಂದು ಕಡೆ ಕೇಳುತ್ತದೆ. ಅಲ್ಲಿ ಲ್ಯಾಟಿನ್-1 ಎಂದಿತ್ತು, ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ ಸಂಕೇತ. ನಾನು ನೋಡದೆ ಮುಂದೆ ಒತ್ತಿದೆ. ಲ್ಯಾಟಿನ್-1ರಲ್ಲಿ ಇರುವುದು 256 ಜಾಗ. ಅದರಲ್ಲಿ ಕನ್ನಡಕ್ಕೆ ಒಂದೂ ಇಲ್ಲ. ಜಾಗ ಇಲ್ಲದ ಅಕ್ಷರ ಬಂದಾಗಲೆಲ್ಲ ಅದು ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದೆ ಹೋಗುತ್ತದೆ.

ಕನ್ನಡ ಬರಹ ಕಂಪ್ಯೂಟರಿನಲ್ಲಿ ಕೆಡುವ ಬಗೆ ಎರಡು. ಈ ವ್ಯತ್ಯಾಸ ಗೊತ್ತಿದ್ದರೆ ಗಾಬರಿ ಅರ್ಧ ಕಡಿಮೆಯಾಗುತ್ತದೆ. ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಸಂಕೇತದಲ್ಲಿ ಒಂದೊಂದು ಕನ್ನಡ ಚಿಹ್ನೆ ಮೂರು ಬೈಟ್ ಹಿಡಿಯುತ್ತದೆ. ಆ ಮೂರು ಬೈಟ್ ಸರಿಯಾಗಿಯೇ ಇದ್ದು, ಓದುವ ತಂತ್ರಾಂಶ ಬೇರೆ ಸಂಕೇತ ಅಂದುಕೊಂಡರೆ, ಪರದೆಯ ಮೇಲೆ ಟೋಪಿ, ಬಾಲ ಹಚ್ಚಿಕೊಂಡ ಯುರೋಪಿನ ಅಕ್ಷರಗಳ ಸಂತೆ ಕಾಣುತ್ತದೆ. ನೋಡಲು ಭಯವಾಗುತ್ತದೆ, ಆದರೆ ಏನೂ ಹೋಗಿರುವುದಿಲ್ಲ. ಸಂಕೇತ ಸರಿಪಡಿಸಿದರೆ ಬರಹ ವಾಪಸ್ ಬರುತ್ತದೆ. ಪ್ರಶ್ನಾರ್ಥಕ ಹಾಗಲ್ಲ. ‘ಕ’ ಇದ್ದ ಕಡೆಯೂ ಅದೇ, ‘ಳ’ ಇದ್ದ ಕಡೆಯೂ ಅದೇ. ಯಾವ ತಜ್ಞರ ಹತ್ತಿರ ಹೋದರೂ ಆ ಫೈಲಿನಿಂದ ಕನ್ನಡ ಹೊರಡುವುದಿಲ್ಲ.

ಇನ್ನೊಂದು ತಪ್ಪನ್ನೂ ಅವತ್ತೇ ಮಾಡಿದ್ದೆ. ಒಂದು ತಿಂಗಳ ಬಾಡಿಗೆ ಉಳಿಯುತ್ತದೆ ಅಂತ ಮಧ್ಯಾಹ್ನವೇ ಹಳೆ ಖಾತೆ ಮುಚ್ಚಿಸಿದ್ದೆ. ಮನೆ ಬದಲಿಸುವಾಗ ಸಾಮಾನೆಲ್ಲ ಬಂತಾ ಅಂತ ಎಣಿಸದೆ ಯಾರಾದರೂ ಹಳೆ ಮನೆಯ ಬೀಗದ ಕೈ ಕೊಡುತ್ತಾರಾ? ಈಗ ಯಾರು ಕೇಳಿದರೂ ಹೇಳುತ್ತೇನೆ. ಹೊಸ ಕಡೆ ಎಲ್ಲ ಪುಟ ತೆರೆದು ನೋಡುವ ತನಕ, ಕಡಿಮೆ ಅಂದರೂ ಒಂದು ತಿಂಗಳು, ಹಳೆಯದು ಇರಲಿ.

ನನ್ನ ಹತ್ತಿರ ಏಳು ತಿಂಗಳ ಹಿಂದಿನ ಒಂದು ಬ್ಯಾಕಪ್ ಫೈಲ್ ಇತ್ತು. ಅದರಲ್ಲಿ 118 ಬರಹ ಸಿಕ್ಕವು. ದೇವರೇ ಅಂದುಕೊಂಡು ಏರಿಸಿದರೆ ಅಕ್ಷರ ಬಂತು, ಚಿತ್ರ ಬರಲಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಬ್ಲಾಗ್ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಒತ್ತಿದಾಗ ಇಳಿಯುವ ಎಕ್ಸ್‌ಎಂಎಲ್ ಫೈಲಿನಲ್ಲಿ ಬರಹ ಇರುತ್ತದೆ, ಚಿತ್ರ ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಚಿತ್ರ ಇರುವುದಿಲ್ಲ. ಆ ವಿಳಾಸ ತೋರಿಸುತ್ತಿದ್ದದ್ದು ನಾನು ಮುಚ್ಚಿಸಿದ ಖಾತೆಯನ್ನು. ಹಳೆ ಅಚ್ಚುಮೊಳೆಗಳ ಫೋಟೊಗಳು ಪುಣ್ಯಕ್ಕೆ ನನ್ನ ಮೊಬೈಲಿನಲ್ಲಿ ಇದ್ದವು. ಒಂದೊಂದೇ ಹುಡುಕಿ, ಗಾತ್ರ ಇಳಿಸಿ, ಮತ್ತೆ ಸೇರಿಸಲು ಮೂರು ಭಾನುವಾರ ಹಿಡಿಯಿತು.

ಉಳಿದದ್ದು 22 ಬರಹ. ಒಂಬತ್ತು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಸಿಕ್ಕವು. ಅಮೆರಿಕದ ಆ ಸಂಸ್ಥೆ 1996ರಿಂದ ಜಾಲದ ಪುಟಗಳ ಪ್ರತಿ ತೆಗೆದಿಡುತ್ತಾ ಬಂದಿದೆ. ಎಲ್ಲವನ್ನೂ ಅದು ತಾನಾಗಿ ಹಿಡಿಯುವುದಿಲ್ಲ. ನಮ್ಮ ಪುಟದ ವಿಳಾಸವನ್ನು ನಾವೇ ಅಲ್ಲಿ ಕೊಟ್ಟು ಪ್ರತಿ ತೆಗೆಸಬಹುದು, ದುಡ್ಡು ಕೊಡಬೇಕಿಲ್ಲ. ಇನ್ನು ಆರು ಬರಹದ ಕರಡು ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಇತ್ತು. ಐದನ್ನು ಗೆಳತಿಯರಿಗೆ ಮೇಲ್ ಮಾಡಿದ್ದೆ, ಅವರು ಹುಡುಕಿ ಕಳಿಸಿದರು. ಎರಡು ಮಾತ್ರ ಎಲ್ಲೂ ಸಿಗಲಿಲ್ಲ. ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಕಾಫಿ ಆದ ಮೇಲೆ ಇದೇ ಕೆಲಸ. ಎಕ್ಸ್‌ಪೋರ್ಟ್ ಫೈಲ್ ಇಳಿಸುತ್ತೇನೆ, ಚಿತ್ರಗಳ ಫೋಲ್ಡರ್ ಬೇರೆಯಾಗಿ ಇಳಿಸುತ್ತೇನೆ. ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ. ಊರಿಗೆ ಹೋದಾಗಲೆಲ್ಲ ಒಂದು ಪೆನ್‌ಡ್ರೈವ್ ದಾವಣಗೆರೆಯ ಅಕ್ಕನ ಮನೆಯಲ್ಲಿ ಇಟ್ಟು ಬರುತ್ತೇನೆ. ಇಷ್ಟು ಸಾಲದು. ಇಳಿಸಿದ ಫೈಲ್ ತೆರೆದು ಕನ್ನಡ ಕಾಣುತ್ತಾ ಅಂತ ಅವತ್ತೇ ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಇಡುವುದಿಲ್ಲ. ಹಾಗೆಯೇ ಹೊಸ ಬರಹವನ್ನು ಮೊದಲು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದು, ಯುಟಿಎಫ್-8ರಲ್ಲಿ ಉಳಿಸಿ, ಆಮೇಲೆ ಬ್ಲಾಗಿಗೆ ಹಾಕುತ್ತೇನೆ. ಇಪ್ಪತ್ತು ವರ್ಷ ಬಿಟ್ಟರೂ ಸಾದಾ ಟೆಕ್ಸ್ಟ್ ತೆರೆಯುತ್ತದೆ.

ಇನ್ನು ಡೊಮೇನ್, ಅಂದರೆ ಅವಧಿಗೆ ಇಷ್ಟು ಅಂತ ಕಟ್ಟಿ ಕೊಳ್ಳುವ ಜಾಲತಾಣದ ಹೆಸರಿನ ವಿಷಯ. ನಮ್ಮ ಪ್ರೆಸ್ಸಿಗೆ ಪುಸ್ತಕ ಕೊಡುವ ಒಬ್ಬ ಪ್ರಕಾಶಕರದ್ದು ಕಣ್ಣೆದುರೇ ಹೋಯಿತು. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಮತ್ತೆ ಒಂದು ವಾರ ಮೊದಲು ಮಾರಿದ ಕಂಪನಿ ನೆನಪಿಸಬೇಕು ಎಂಬ ನಿಯಮ ಡಾಟ್ ಕಾಮ್‌ನಂಥ ಹೆಸರುಗಳಿಗೆ ಇದೆ. ನೆನಪೋಲೆ ಬಂದೂ ಇತ್ತು, ಕೆಲಸ ಬಿಟ್ಟು ಹೋದ ಹುಡುಗನ ಮೇಲ್‌ಗೆ. ಹೆಸರನ್ನು ಅಳಿಸಿಹಾಕಿದ ಮೇಲೂ 30 ದಿನ ಜಾಸ್ತಿ ದುಡ್ಡು ಕೊಟ್ಟು ಬಿಡಿಸಿಕೊಳ್ಳಬಹುದಿತ್ತು. ಅದೂ ಯಾರಿಗೂ ಗೊತ್ತಾಗಲಿಲ್ಲ. ಈಗ ಆ ವಿಳಾಸದಲ್ಲಿ ಜೂಜಿನ ಜಾಹೀರಾತು ಬರುತ್ತದೆ. ಆ ವಿಳಾಸ ಅಚ್ಚಾದ ಪುಸ್ತಕಗಳು ಮಾತ್ರ ಇವತ್ತಿಗೂ ಗ್ರಂಥಾಲಯಗಳಲ್ಲಿ ಇವೆ. ಡೊಮೇನನ್ನು ನಿಮ್ಮ ಹೆಸರಿನಲ್ಲೇ, ನೀವು ದಿನಾ ನೋಡುವ ಮೇಲ್‌ನಲ್ಲೇ ಕೊಳ್ಳಿ. ನಾನು ಒಂದೇ ಸಲಕ್ಕೆ ಐದು ವರ್ಷಕ್ಕೆ ಕಟ್ಟಿದ್ದೇನೆ.

ಇಷ್ಟೆಲ್ಲ ಯಾಕೆ, ಫೇಸ್‌ಬುಕ್ಕಿನಲ್ಲೇ ಬರೆದರೆ ಆಗಲ್ವಾ ಅಂತ ಕೇಳುತ್ತಾರೆ. ಬರೆಯಿರಿ, ಓದುಗರು ಅಲ್ಲೇ ಇದ್ದಾರೆ. ಆದರೆ ಮೂಲಪ್ರತಿ ನಿಮ್ಮ ಹತ್ತಿರ ಇರಲಿ. ಫೇಸ್‌ಬುಕ್ಕಿನಂಥದ್ದೇ ಆದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಆರ್ಕುಟ್ ಕಾಲದಲ್ಲಿ ಕನ್ನಡದ ಪದಗಳ ಬಗ್ಗೆ ನಾವೆಲ್ಲ ರಾತ್ರಿಯಿಡೀ ಚರ್ಚೆ ಮಾಡಿದ್ದೆವು. ಅದರಲ್ಲಿ ಒಂದು ಸಾಲೂ ನನ್ನ ಹತ್ತಿರ ಇಲ್ಲ. ಆ ನೋವು ನನಗೆ ಇನ್ನೂ ಹೋಗಿಲ್ಲ.

ಇನ್ನು ಕನ್ನಡದ್ದೇ ಆದ ತೊಂದರೆಗಳು. ಇದು ನನಗೆ ತುಂಬಾ ಇಷ್ಟದ ಜಾಗ, ಸ್ವಲ್ಪ ನಿಲ್ಲುತ್ತೇನೆ.

ನಮ್ಮಲ್ಲಿ ಬಹಳ ಬರಹ ಇನ್ನೂ ಹಳೆಯ ನುಡಿ ಫಾಂಟುಗಳಲ್ಲಿ ಬರುತ್ತದೆ. ಅವುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಮತ್ತಿತರ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ತೆಗೆದರೆ ಕನ್ನಡವೇ ಇಲ್ಲ. ಅದನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳುತ್ತೇವೆ. ಮಾಡಿಕೊಂಡ ಮೇಲೆ ಓದಲೇಬೇಕು. ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರಗಳ ಗುಂಪು ಮಾಡಿ ಇಡುತ್ತದೆ. ಅರ್ಕಾವೊತ್ತು ಜಾಗ ತಪ್ಪುತ್ತದೆ. ಹಾಗಾಗಿ ಇಂಗ್ಲಿಷ್ ಪದಗಳನ್ನು ಮೊದಲೇ ಪಟ್ಟಿ ಮಾಡಿಕೊಂಡು, ಪರಿವರ್ತನೆ ಆದ ಮೇಲೆ ಒಂದೊಂದೇ ಹುಡುಕಿ ಸರಿ ಮಾಡುತ್ತೇನೆ.

ಕಣ್ಣಿಗೆ ಕಾಣದ ತಪ್ಪುಗಳು ಇನ್ನೂ ಕಷ್ಟ. ಸೊನ್ನೆಯನ್ನೇ ನೋಡಿ. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದರೆ ‘ಅ೦ಗಡಿ’ ಎಂದಾಗುತ್ತದೆ. ನೋಡಲು ‘ಅಂಗಡಿ’ ಥರವೇ ಇದೆ, ಅಲ್ವಾ? ಹುಡುಕಿದರೆ ಸಿಗುವುದಿಲ್ಲ. ಒಬ್ಬ ಲೇಖಕರ ಇಡೀ ಪುಸ್ತಕ ಹೀಗೆ ಬಂದಿತ್ತು. ಇನ್ನೊಂದು, ‘ಕೋ’ದ ಸ್ವರಚಿಹ್ನೆ. ಯೂನಿಕೋಡ್‌ನಲ್ಲಿ ಅದನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಎಷ್ಟೋ ತಂತ್ರಾಂಶಗಳಿಗೆ ಎರಡೂ ಬೇರೆ. ಹಳೆಯ ಪರಿವರ್ತಕಗಳಿಂದ ಬಂದ ನನ್ನ ಬರಹಗಳಲ್ಲಿ ಈ ತುಂಡುಗಳು ತುಂಬಿದ್ದವು. ‘ಕೋಶ’ ಅಂತ ಹುಡುಕಿದರೆ ನನ್ನದೇ ಬರಹ ನನಗೆ ಸಿಗುತ್ತಿರಲಿಲ್ಲ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಒಂದು ಪುಟ್ಟ ಸ್ಕ್ರಿಪ್ಟನ್ನು ನಮ್ಮ ಪಕ್ಕದ ಮನೆಯ ಹುಡುಗ ಬರೆದುಕೊಟ್ಟ. ಹತ್ತು ಸಾಲೂ ಇಲ್ಲ. ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ಆಮೇಲೆ ಆ ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯ್ನರ್. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯುವುದಕ್ಕೂ ‘ಸಾಫ್ಟ್ವೇರ್’ ಎಂದು ಒತ್ತು ಕೊಟ್ಟು ಬರೆಯುವುದಕ್ಕೂ ನಡುವೆ ಇರುವುದು ಅದೊಂದೇ. ‘ರಾಜ್‌ಕುಮಾರ್’ ಬರೆಯುವಾಗ ಅದು ಬೇಕೇ ಬೇಕು, ಇಲ್ಲದಿದ್ದರೆ ಹೆಸರು ‘ರಾಜ್ಕುಮಾರ್’ ಆಗುತ್ತದೆ. ಕೆಲವು ಕಡೆ ನಕಲು ಮಾಡಿ ಅಂಟಿಸುವಾಗ ಈ ಅಕ್ಷರ ಉದುರಿ ಹೋಗುತ್ತದೆ. ಅದಕ್ಕೇ ಪ್ರಕಟಿಸಿದ ಮೇಲೆ ಒಂದು ಸಲ ಮೊಬೈಲಿನಲ್ಲಿ ತೆರೆದು ಓದುತ್ತೇನೆ. ಬೇರೆ ಪರದೆ, ಬೇರೆ ಫಾಂಟ್. ಕಂಪ್ಯೂಟರಿನಲ್ಲಿ ಬಚ್ಚಿಟ್ಟುಕೊಂಡಿದ್ದ ತಪ್ಪು ಅಲ್ಲಿ ಸಿಕ್ಕಿಬೀಳುತ್ತದೆ.

ಪುಟದ ವಿಳಾಸವನ್ನು ಕನ್ನಡದಲ್ಲಿ ಇಡಬೇಕು ಎಂಬ ಆಸೆ ನನಗೂ ಇತ್ತು. ಆದರೆ ವಿಳಾಸದಲ್ಲಿ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತುಗಳ ಜತೆ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ. ವರ್ಡ್‌ಪ್ರೆಸ್ ಆ ತುಂಡಿಗೆ 200 ಅಕ್ಷರ ಜಾಗ ಕೊಡುತ್ತದೆ. ಅಂದರೆ ಇಪ್ಪತ್ತೆರಡು ಚಿಹ್ನೆಗೇ ಮುಗಿಯಿತು, ಕಾಗುಣಿತವೂ ಅದರಲ್ಲೇ ಲೆಕ್ಕ. ಶೀರ್ಷಿಕೆ ನಡುವೆಯೇ ಕತ್ತರಿಸುತ್ತದೆ. ವಾಟ್ಸ್ಯಾಪಿನಲ್ಲಿ ಕಳಿಸಿದರೆ ಉದ್ದನೆಯ ಅಂಕಿಗಳ ಸಾಲು ನೋಡಿ ವೈರಸ್ ಇರಬಹುದು ಅಂತ ಜನ ಒತ್ತುವುದೇ ಇಲ್ಲ. ಬೇಸರದಿಂದಲೇ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಪದಕ್ಕೆ ಇಳಿಸಿದೆ. ಒಮ್ಮೆ ಇಟ್ಟ ವಿಳಾಸ ಮತ್ತೆ ಬದಲಿಸುವುದಿಲ್ಲ.

ವಾರಕ್ಕೊಂದು ಬರೆಯಬೇಕು ಎಂಬ ಹಟವನ್ನು ಎರಡನೇ ವರ್ಷವೇ ಬಿಟ್ಟೆ. ತಿಂಗಳಿಗೆ ಒಂದು ಬರೆದರೂ ಸಾಕು, ಉಳಿದ ಹೊತ್ತು ಹಳೆಯದನ್ನು ತಿದ್ದುವುದಕ್ಕೆ. ವಿಂಡೋಸ್ 7ರಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳುವುದು ಹೇಗೆ ಎಂದು ಬರೆದ ಬರಹ ಅದರ ಕಾಲ ಮುಗಿದ ಮೇಲೂ ಓದಿಸಿಕೊಳ್ಳುತ್ತಿತ್ತು. ಒಬ್ಬ ಹಿರಿಯರು ಫೋನ್ ಮಾಡಿ, “ಅಮ್ಮಾ, ನೀವು ಹೇಳಿದ ಬಟನ್ನೇ ಇಲ್ಲಿ ಇಲ್ವಲ್ಲ” ಅಂದರು. ಅರ್ಧ ದಿನ ಹುಡುಕಿದ್ದರಂತೆ. ಅವತ್ತಿನಿಂದ ಹೇಗೆ-ಮಾಡುವುದು ಬರಹಗಳ ಮೇಲೆ ಕೊನೆಯದಾಗಿ ಪರೀಕ್ಷಿಸಿದ ದಿನಾಂಕ ಹಾಕುತ್ತೇನೆ. ತಪ್ಪನ್ನೂ ಸುಮ್ನೆ ಅಳಿಸುವುದಿಲ್ಲ. ನುಡಿಯ ಕೀಲಿಮಣೆ ವಿನ್ಯಾಸ ಆ ತಂತ್ರಾಂಶ ತಯಾರಿಸಿದ ಕನ್ನಡ ಗಣಕ ಪರಿಷತ್ತಿನದೇ ಎಂದು ಒಮ್ಮೆ ಬರೆದಿದ್ದೆ. ಅದಕ್ಕೆ ಆಧಾರ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಎಂದು ಓದುಗರೊಬ್ಬರು ತಿದ್ದಿದರು. ಬರಹದ ಕೆಳಗೆ ಅದನ್ನು ದಿನಾಂಕ ಸಮೇತ ಬರೆದೆ. ನಾವು ದಿನಾ ಬೆರಳಾಡಿಸುವ ಕೀಲಿಮಣೆಯನ್ನು ಕೊಟ್ಟವರ ಹೆಸರನ್ನೇ ಬಿಟ್ಟಿದ್ದೆನಲ್ಲ, ಅದು ತಿದ್ದಲೇಬೇಕಾದ ತಪ್ಪು.

ಆ ಸಿಗದ ಎರಡು ಬರಹಗಳಲ್ಲಿ ಒಂದು, ಹಿಂದೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಒಬ್ಬ ಅಜ್ಜನ ಜತೆ ಆಡಿದ ಮಾತು. ಮೊಳೆ ಪೆಟ್ಟಿಗೆಯ ಯಾವ ಮನೆಯಲ್ಲಿ ಯಾವ ಒತ್ತಕ್ಷರ ಇರುತ್ತಿತ್ತು, ಬರಿ ಬೆರಳಿನಿಂದ ‘ಪ’ ಮತ್ತು ‘ಷ’ದ ಮೊಳೆ ಹೇಗೆ ಗುರುತು ಹಿಡಿಯುತ್ತಿದ್ದರು, ಎಲ್ಲ ಹೇಳಿದ್ದರು. ಅವರು ಆಗಲೇ ತೀರಿಹೋಗಿದ್ದರು. ಮತ್ತೆ ಕೇಳೋಣ ಅಂದರೆ ಯಾರನ್ನು ಕೇಳುವುದು? ನಡೆದದ್ದನ್ನು ಬ್ಲಾಗಿನಲ್ಲಿ ಬರೆದು, ಪ್ರತಿ ಇದ್ದರೆ ಕಳಿಸಿ ಎಂದೆ. ಎರಡು ವಾರ ಬಿಟ್ಟು ಸಾಗರದಿಂದ ಒಂದು ಲಕೋಟೆ ಬಂತು. ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಪರದೆಯ ಮೇಲೆ ಓದಿದರೆ ಕಣ್ಣು ನೋಯುತ್ತದೆ ಅಂತ ನನ್ನ ಬರಹಗಳನ್ನು ಪ್ರಿಂಟ್ ಹಾಕಿಸಿ ಫೈಲ್ ಮಾಡುತ್ತಿದ್ದರಂತೆ. ಅಜ್ಜನ ಬರಹ ಪೂರ್ತಿ ಇತ್ತು. ಅಂಚಿನಲ್ಲಿ ಪೆನ್ಸಿಲ್‌ನಿಂದ ಎರಡು ಕಾಗುಣಿತದ ತಪ್ಪು ಗುರುತು ಮಾಡಿದ್ದರು. ಅವನ್ನೂ ತಿದ್ದಿ, ಅವತ್ತು ರಾತ್ರಿಯೇ ಕೂತು ಮತ್ತೆ ಟೈಪ್ ಮಾಡಿದೆ.

ಇನ್ನೊಂದು, ಕೈಯಲ್ಲಿ ಪುಸ್ತಕ ಹೊಲಿದು ಬೈಂಡಿಂಗ್ ಮಾಡುವವರ ಬಗ್ಗೆ ಬರೆದದ್ದು. ಅದು ಯಾರ ಹತ್ತಿರವೂ ಇರಲಿಲ್ಲ. ಅವರು ಈಗಲೂ ನಮ್ಮ ಪ್ರೆಸ್ಸಿನಿಂದ ಎರಡು ರಸ್ತೆ ಆಚೆ ಕೂತು ಕೆಲಸ ಮಾಡುತ್ತಾರೆ. ಬರುವ ಗುರುವಾರ ಬಾ ಅಂದಿದ್ದಾರೆ.